ಬ್ಯಾಂಕಿನ ಮೇಲಿನ ಮನೆ

ಬೀದಿಯವರೆಲ್ಲ ಅವರನ್ನು ಬ್ಯಾಂಕ್ ಯಜಮಾನರು ಎಂದೇ ಕರೆಯುತ್ತಿದ್ದರು. ಬ್ಯಾಂಕು ಅವರದಲ್ಲ, ಅದು ಕೂತಿದ್ದ ಕಟ್ಟಡ ಅವರದು. ಜೀವಮಾನವೆಲ್ಲ ಕಂಡವರ ಮನೆ ಕಟ್ಟಿಸಿದ ಕಂಟ್ರಾಕ್ಟರು, ವಯಸ್ಸಾದ ಮೇಲೆ ತಮಗೊಂದು ಕಟ್ಟಿಕೊಂಡು ಕೆಳಗಿನ ಅಂತಸ್ತನ್ನು ಒಂದು ಸಣ್ಣ ಬ್ಯಾಂಕಿಗೆ ಬಾಡಿಗೆ ಕೊಟ್ಟಿದ್ದರು. ಮೇಲೆ ತಾವು, ಹೆಂಡತಿ, ಮಗ, ಸೊಸೆ. ಬಾಡಿಗೆ ತಿಂಗಳ ಮೊದಲ ವಾರದಲ್ಲೇ ಅದೇ ಬ್ಯಾಂಕಿನ ಅವರ ಖಾತೆಗೆ ಬೀಳುತ್ತಿತ್ತು. ಹಳೆಯ ಸೈಟೊಂದನ್ನು ಮಾರಿ ಬಂದ ಹಣವೂ ಅಲ್ಲೇ ಠೇವಣಿಯಾಗಿತ್ತು. "ಮೆಟ್ಟಿಲು ಇಳಿದ್ರೆ ದುಡ್ಡು, ಮೆಟ್ಟಿಲು ಹತ್ತಿದ್ರೆ ಊಟ. ಇನ್ನೇನು ಬೇಕು ಮನುಷ್ಯನಿಗೆ?" ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಆ ನಗುವನ್ನು ಮೊದಲು ಕೆಡಿಸಿದವಳು ಸೊಸೆ. ಪೇಂಟ್ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಅವಳದು. ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ, ಮಾವನ ತಟ್ಟೆಗೆ ಅನ್ನ ಬಡಿಸುತ್ತಲೇ ಕೇಳಿದಳು.

"ಮಾವ, ನಮ್ಮ ಠೇವಣಿ ಬೇರೆ ಕಡೆ ಹಾಕೋಣ್ವಾ?"

"ಯಾಕೆ? ಈ ಬ್ಯಾಂಕಿಗೇನು ಬಂತು ರೋಗ?"

"ಕೆಳಗೆ ವರ್ಷದ ಲೆಕ್ಕ ಅಂಟಿಸಿದ್ದಾರೆ. ನಿನ್ನೆ ನಿಂತು ಓದಿದೆ. ಹೋದ ವರ್ಷ ಅವರು ಕೊಟ್ಟ ಸಾಲದಲ್ಲಿ ನೂರಕ್ಕೆ ನಾಲ್ಕು ವಸೂಲಾಗಿರ್ಲಿಲ್ಲ. ಈ ವರ್ಷ ನೂರಕ್ಕೆ ಹದಿಮೂರು. ಬ್ಯಾಂಕಿನ ಸ್ವಂತ ದುಡ್ಡು ಅಂತ ಇರೋದು ನೂರಕ್ಕೆ ಆರೋ ಏಳೋ. ಹದಿಮೂರೂ ಮುಳುಗಿದ್ರೆ ಮೊದಲು ಅದು ಹೋಗುತ್ತೆ. ಆಮೇಲೆ ಹೋಗೋದು ನಮ್ಮಂಥವರದು."

"ಮುಳುಗಿದ್ರೆ ತಾನೆ?"

"ಮುಳುಗೇ ಮುಳುಗುತ್ತೆ ಅಂತ ನಾನೂ ಹೇಳ್ತಿಲ್ಲ. ಬೇರೆ ಯಾವ ಬ್ಯಾಂಕೂ ಕೊಡದಷ್ಟು ಬಡ್ಡಿ ಇವರು ಯಾಕೆ ಕೊಡ್ತಾರೆ, ಅದನ್ನ ಹೇಳಿ."

"ಒಳ್ಳೇ ಜನ, ಅದಕ್ಕೆ ಕೊಡ್ತಾರೆ," ಎಂದರು ಅತ್ತೆ. "ಆ ಮ್ಯಾನೇಜರ್ ನನ್ನನ್ನ ಬಾಯಿ ತುಂಬ ಅಮ್ಮಾ ಅಂತ ಕರೀತಾನೆ. ನನ್ನ ಮಗನೇ ಹಾಗೆ ಕರೆಯಲ್ಲ."

"ಜನ ದುಡ್ಡು ಹಾಕ್ತಿಲ್ಲ ಅಂತ ಕೊಡ್ತಾರೆ ಅತ್ತೆ."

ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟರು. "ಆ ಸ್ಟ್ರಾಂಗ್ ರೂಮಿನ ಗೋಡೆಗೆ ಎಷ್ಟು ಕಬ್ಬಿಣ ಹಾಕ್ಸಿದ್ದೀನಿ ಗೊತ್ತಾ ನಿಂಗೆ? ಭೂಮಿ ನಡುಗಿದ್ರೂ ಅದು ನಡುಗಲ್ಲ."

"ಗೋಡೆ ಗಟ್ಟಿ ಇದೆ ಮಾವ. ನಾನು ಒಳಗಡೆ ಏನಿದೆ ಅಂತ ಕೇಳ್ತಿದ್ದೀನಿ."

ಮಗ ಅಷ್ಟು ಹೊತ್ತು ತಲೆ ತಗ್ಗಿಸಿ ಉಣ್ಣುತ್ತಿದ್ದ. ಫ್ರಿಜ್ಜು, ಏಸಿ ರಿಪೇರಿ ಅವನ ಕಸುಬು. ಕೆಳಗಿನ ಬ್ಯಾಂಕಿನ ಏಸಿಗಳನ್ನೂ ಅವನೇ ನೋಡಿಕೊಳ್ಳುತ್ತಿದ್ದ. "ಲೆಕ್ಕ ಗಿಕ್ಕ ನಂಗೆ ಗೊತ್ತಿಲ್ಲ," ಎಂದ. "ನನ್ನ ಸರ್ವೀಸ್ ಬಿಲ್ಲು ಬೇಸಿಗೆಯಿಂದ ಬಾಕಿ ಇದೆ. ಮೊನ್ನೆ ಹೋಗಿ ಕೇಳಿದ್ರೆ, ಇನ್ಮೇಲೆ ಮ್ಯಾನೇಜರ್ ರೂಮಿನ ಏಸಿ ಒಂದೇ ಓಡ್ಲಿ, ಉಳಿದದ್ದು ಬಂದ್ ಮಾಡು ಅಂದ್ರು."

"ಕರೆಂಟು ಉಳಿಸ್ತಾರೆ, ಬುದ್ಧಿವಂತರು," ಎಂದು ಯಜಮಾನರು ಕೈತೊಳೆಯಲು ಎದ್ದರು. ಅವಧಿಗೆ ಮುಂಚೆ ಠೇವಣಿ ಮುರಿದರೆ ಬಡ್ಡಿ ಕತ್ತರಿಸುತ್ತಾರೆ, ಅದು ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟದ ವಿಷಯ.

ಆದರೂ ಸೊಸೆಯ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಮಾರನೆಯ ವಾರ ಬ್ಯಾಂಕಿನ ಬಾಗಿಲ ಕಾವಲುಗಾರ ಕಾಣಲಿಲ್ಲ. ಕೇಳಿದರೆ, ಅವನನ್ನು ಬಿಡಿಸಿದ್ದಾರೆ ಎಂದರು. ಕುಡಿಯುವ ನೀರಿನ ಕ್ಯಾನು ತರಿಸುವುದು ನಿಂತು, ಗುಮಾಸ್ತರು ಬಾಟಲಿ ಹಿಡಿದು ಮೇಲಿನ ಮನೆಗೆ ನೀರಿಗೆ ಬರತೊಡಗಿದರು. ಮೂರನೆಯ ಸಲ ಬಾಟಲಿ ತುಂಬಿಸಿ ಕೊಟ್ಟಾಗ ಅತ್ತೆಯೇ ಒಳಗೆ ಬಂದು, "ರೀ, ನೀರಿಗೂ ಗತಿ ಇಲ್ಲದ ಬ್ಯಾಂಕಲ್ಲಿ ನಮ್ಮ ದುಡ್ಡಿದೆಯಲ್ರೀ," ಎಂದರು.

ಅದಾದ ಮೇಲಿನ ಸೋಮವಾರ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಳಗಿಳಿದರು. ಕೌಂಟರಿನಲ್ಲಿ ಠೇವಣಿ ಮುರಿಯುವ ಫಾರಂ ಇಸಿದುಕೊಂಡು ಗೋಡೆಯ ಪಕ್ಕದ ಮೇಜಿನಲ್ಲಿ ತುಂಬತೊಡಗಿದರು. ಅರ್ಧ ತುಂಬುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏನ್ ಯಜಮಾನ್ರೆ, ತೆಗೀತಿದ್ದೀರಾ?"

ಔಷಧಿ ಅಂಗಡಿಯವನು. ಅವನ ಹಿಂದೆ ಸಾಲಿನಲ್ಲಿ ನಿಂತಿದ್ದ ಏಳೆಂಟು ಜನ ಒಟ್ಟಿಗೆ ತಿರುಗಿ ನೋಡಿದರು. ಎದುರಿಗಿನ ಇಸ್ತ್ರಿ ಅಂಗಡಿಯಾಕೆಯೂ ಅವರಲ್ಲಿ ಇದ್ದಳು. ಯಜಮಾನರ ಕೈ ತಾನಾಗಿ ಫಾರಮನ್ನು ಮಡಚಿ ಜೇಬಿಗೆ ತುರುಕಿತು.

"ಇಲ್ಲಪ್ಪ, ವಿಳಾಸ ಬರೀತಿದ್ದೆ."

"ನಿಮ್ಮ ವಿಳಾಸ ಅವರಿಗೆ ಗೊತ್ತಿಲ್ವಾ? ನಿಮ್ಮ ಮನೆಯಲ್ಲೇ ಇದ್ದಾರಲ್ಲ!" ಎಂದು ಅವನು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ನಕ್ಕ ಮೇಲೆ ಸಮಾಧಾನವಾದಂತೆ ಮತ್ತೆ ಮುಂದಕ್ಕೆ ತಿರುಗಿದರು.

ಮ್ಯಾನೇಜರ್ ಗಾಜಿನ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದ. ತಾನೇ ಎದ್ದು ಬಂದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ.

"ಕೊಡಲ್ಲ ಅಂತ ನಾನು ಹೇಳೋ ಹಾಗಿಲ್ಲ ಸಾರ್. ನಿಮ್ಮ ದುಡ್ಡು. ಒಂದೇ ಮಾತು ಕೇಳ್ತೀನಿ. ಈ ಬೀದಿ ಬ್ಯಾಂಕನ್ನ ಯಾವುದ್ರಿಂದ ಅಳೆಯುತ್ತೆ ಗೊತ್ತಾ? ಬೋರ್ಡಿಗೆ ಅಂಟಿಸಿದ ಲೆಕ್ಕ ಯಾರೂ ಓದಲ್ಲ. ನಿಮ್ಮ ಬಾಲ್ಕನಿ ನೋಡ್ತಾರೆ. ಯಜಮಾನ್ರು ಪೇಪರ್ ಓದ್ತಾ ಕೂತಿದ್ದಾರೆ ಅಂದ್ರೆ ಬ್ಯಾಂಕು ಭದ್ರ ಅಂತ. ನೀವು ಇವತ್ತು ತೆಗೆದ್ರೆ ನಾಳೆ ಬೀದಿ ಪೂರ್ತಿ ಬಾಗಿಲಲ್ಲಿರುತ್ತೆ. ನಾಡಿದ್ದು ಶಾಖೆ ಇರಲ್ಲ. ಶಾಖೆ ಇಲ್ದಿದ್ರೆ ನಿಮ್ಮ ಬಾಡಿಗೆ?"

"ಹಾಗಂತ ನಾನು ಮುಳುಗಲೇನಪ್ಪ?"

"ಯಾರೂ ಮುಳುಗಲ್ಲ. ದೊಡ್ಡ ಬ್ಯಾಂಕೊಂದು ನಮ್ಮನ್ನ ತಗೊಳ್ಳೋ ಮಾತು ನಡೀತಿದೆ. ಸ್ವಲ್ಪ ದಿನ ತಡ್ಕೊಳ್ಳಿ. ನನ್ನ ಹೆಂಡತಿಯ ದುಡ್ಡೂ ಇಲ್ಲೇ ಇದೆ ಸಾರ್." ಕೊನೆಯ ಮಾತು ಹೇಳುವಾಗ ಅವನ ದನಿ ಸಣ್ಣಗಾಯಿತು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಯಜಮಾನರಿಗೆ ಅನಿಸಲಿಲ್ಲ. ಅವನ ಮೇಲಧಿಕಾರಿಗಳು ಅವನಿಗೂ ಏನೂ ಹೇಳಿಲ್ಲ ಎಂದು ಅನಿಸಿತು.

ಅವರು ಮೆಟ್ಟಿಲು ಹತ್ತಿ ಬಂದು ಜೇಬಿನ ಫಾರಮನ್ನು ಹರಿದು ಕಸದ ಬುಟ್ಟಿಗೆ ಹಾಕಿದರು.

ಅಲ್ಲಿಂದ ಮುಂದೆ ಆ ಮನೆಯವರಿಗೆ ತಮ್ಮ ಮನೆಯಲ್ಲೇ ಕೈಕಾಲು ಅಲ್ಲಾಡಿಸುವುದು ಕಷ್ಟವಾಯಿತು. ಸೊಸೆ ಚಳಿಗಾಲದ ಬಟ್ಟೆ ತುಂಬಿಡಲು ಅಂಗಡಿಯಿಂದ ನಾಲ್ಕು ಖಾಲಿ ರಟ್ಟಿನ ಪೆಟ್ಟಿಗೆ ತಂದಳು. ಸಂಜೆಯೊಳಗೆ ತರಕಾರಿ ಅಂಗಡಿಯಲ್ಲಿ ಅತ್ತೆಯನ್ನು ಇಬ್ಬರು ಕೇಳಿದರು: "ಮನೆ ಖಾಲಿ ಮಾಡ್ತಿದ್ದೀರಂತೆ?" ಪೆಟ್ಟಿಗೆಗಳನ್ನು ಕತ್ತರಿಸಿ ಕಸಕ್ಕೆ ಹಾಕಿದ್ದಾಯಿತು. ಮೊಣಕಾಲು ನೋವಿನ ಯಜಮಾನರು ಎರಡು ದಿನ ಹೊರಗೆ ಕೂರದಿದ್ದಾಗ ಮ್ಯಾನೇಜರೇ ಮೇಲೆ ಬಂದು, "ಸಾರ್, ಸ್ವಲ್ಪ ಹೊತ್ತು ಬಾಲ್ಕನೀಲಿ ಕಾಣಿಸ್ಕೊಳ್ಳಿ," ಎಂದು ಬೇಡಿದ. ಅವರು ಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಹೊರಗೆ ಕೂತರು. ಓದಿದ ಪೇಪರನ್ನೇ ಮತ್ತೆ ಓದಿದರು.

ಅತ್ತೆಗೆ ಇನ್ನೂ ಕಷ್ಟದ ಪರೀಕ್ಷೆ ಬಂತು. ತಂಗಿಯ ಮಗಳ ಮದುವೆ. ಒಡವೆಯೆಲ್ಲ ಕೆಳಗಿನ ಲಾಕರಿನಲ್ಲಿ.

"ಒಂದು ಸರ ತಗೊಂಡು ಬರ್ತೀನಿ, ಅಷ್ಟೇ."

"ಲಾಕರ್ ರೂಮಿಂದ ನೀನು ಚೀಲ ಹಿಡ್ಕೊಂಡು ಈಚೆ ಬರೋದನ್ನ ಜನ ನೋಡ್ಲಿ ಅಂತಾನಾ?" ಎಂದರು ಯಜಮಾನರು.

"ಬ್ಯಾಂಕು ಉಳೀಲಿ ಅಂತ ನಾನು ಬೋಳು ಕುತ್ತಿಗೆಲಿ ಮದುವೆಗೆ ಹೋಗ್ಬೇಕಾ?"

"ಒಂದು ದಿನ ತಾನೆ!"

ಬರಿಗುತ್ತಿಗೆಯಲ್ಲೇ ಹೋದರು. ಮದುವೆಯ ಮನೆಯಲ್ಲಿ ತಂಗಿ ಪಕ್ಕಕ್ಕೆ ಕರೆದು, "ಅಕ್ಕಾ, ಕಷ್ಟ ಇದ್ರೆ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ಕಣ್ಣು ಒರೆಸಿಕೊಂಡಳು. ಮನೆಗೆ ಬಂದ ಮೇಲೆ ಅತ್ತೆ ಎರಡು ದಿನ ಗಂಡನೊಡನೆ ಮಾತು ಬಿಟ್ಟರು. ತಟ್ಟೆಯನ್ನು ಮಾತ್ರ ಅವರ ಮುಂದೆ ಸದ್ದಾಗುವಂತೆ ಇಡುತ್ತಿದ್ದರು.

ಇಸ್ತ್ರಿ ಅಂಗಡಿಯಾಕೆ ಸೊಸೆಯನ್ನು ಹಿಡಿದು ಕೇಳಿದ್ದು ಅದೇ ವಾರ. ಗಂಡನಿಲ್ಲದ, ಐವತ್ತು ದಾಟಿದ ಗಟ್ಟಿ ಹೆಂಗಸು. ಅಂಗಡಿಯ ಮಾಲೀಕ ಜಾಗ ಬಿಡಲು ಹೇಳಿದ್ದ, ಬೇರೆ ಕಡೆ ಮುಂಗಡ ಕೊಡಲು ದುಡ್ಡು ಕೂಡಿಡುತ್ತಿದ್ದಳು. ಸೊಸೆ ಕೆಲಸಕ್ಕೆ ಹೊರಟು ಕೊನೆಯ ಮೆಟ್ಟಿಲು ಇಳಿಯುವಾಗ ಬಟ್ಟೆಯ ಗಂಟು ಹಿಡಿದು ಅಡ್ಡ ನಿಂತಳು.

"ಲೆಕ್ಕದಮ್ಮ, ಒಂದು ಮಾತು. ಅಪ್ಪನ ಮನೆ ಮಾರಿ ನನ್ನ ಪಾಲು ಅಂತ ತಮ್ಮ ಒಂದಿಷ್ಟು ಕೊಟ್ಟಿದ್ದಾನೆ. ಇಲ್ಲಿ ಬಡ್ಡಿ ಜಾಸ್ತಿ ಅಂತಾರೆ. ಜನ ಏನೇನೋ ಗುಸುಗುಸು ಅಂತಿದ್ದಾರೆ. ನೀನು ಓದಿದವಳು. ಇಡಲಾ, ಬೇಡವಾ?"

ಸೊಸೆ ತಲೆ ಎತ್ತಿದಳು. ಬಾಲ್ಕನಿಯಲ್ಲಿ ಮಾವ ಪೇಪರು ಕೆಳಗಿಳಿಸಿ ನೋಡುತ್ತಿದ್ದರು. ಬ್ಯಾಂಕಿನ ಗಾಜಿನ ಬಾಗಿಲ ಹಿಂದೆ ಗುಮಾಸ್ತನೊಬ್ಬ ನಿಂತಿದ್ದ.

"ನಾವಂತೂ ಇನ್ನೂ ತೆಗೆದಿಲ್ಲ ಅಕ್ಕ," ಎಂದಳು.

"ಅಷ್ಟು ಸಾಕು ಕಣಮ್ಮ," ಎಂದು ಇಸ್ತ್ರಿಯಾಕೆ ಅವಳ ಭುಜ ತಟ್ಟಿ ದಾರಿ ಬಿಟ್ಟಳು.

ಅಂಗಡಿಯಲ್ಲಿ ಅವತ್ತು ಸೊಸೆ ಒಂದೇ ಬಿಲ್ಲನ್ನು ಎರಡು ಸಲ ಬರೆದು ಬೈಸಿಕೊಂಡಳು. ಸಂಜೆ ಆಲೂಗಡ್ಡೆ ಹೆಚ್ಚುತ್ತಾ ಗಂಡನಿಗೆ ನಡೆದದ್ದನ್ನು ಹೇಳಿದಳು.

"ನಿಜಾನೇ ಹೇಳಿದ್ದೀಯಲ್ಲ. ನಾವು ತೆಗೆದಿಲ್ಲ ತಾನೆ?"

"ತೆಗೆಯೋಕೆ ಆಗ್ದೆ ಕೂತಿದ್ದೀವಿ ಅಂತ ಹೇಳಿದ್ನಾ?"

"ಅದನ್ನ ಹೇಳಿದ್ರೆ ನಾಳೆ ಬೀದಿಗೆಲ್ಲ ಗೊತ್ತಾಗುತ್ತೆ. ಅಪ್ಪನ ಜೀವಮಾನದ ದುಡ್ಡು ಕೆಳಗಿದೆ."

"ಆಕೆಯದು ಯಾರ ಜೀವಮಾನದ್ದು?"

ಗಂಡ ಚಾಕು ಇಸಿದುಕೊಂಡು ಉಳಿದ ಆಲೂಗಡ್ಡೆ ತಾನೇ ಹೆಚ್ಚಿದ.

ಮಾರನೆಯ ಬೆಳಿಗ್ಗೆ ಸೊಸೆ ನೇರವಾಗಿ ರಸ್ತೆ ದಾಟಿ ಇಸ್ತ್ರಿ ಅಂಗಡಿಗೆ ಹೋದಳು. "ಅಕ್ಕಾ, ಆ ದುಡ್ಡು ಇಲ್ಲಿ ಹಾಕ್ಬೇಡಿ. ಇದ್ದದ್ದನ್ನೂ ತೆಗೆದುಬಿಡಿ."

"ನಿನ್ನೆ ಮಧ್ಯಾಹ್ನವೇ ಹಾಕ್ಬಿಟ್ನಲ್ಲೇ! ನಿನ್ನ ಮಾತು ಕೇಳಿಯೇ ಹಾಕಿದ್ದು. ಈಗ ಇದೇನು ಹೊಸ ರಾಗ?" ಅವಳ ಮುಖ ಕೆಂಪಾಯಿತು. "ನಿನ್ನೆ ಒಂದು ಮಾತು, ಇವತ್ತೊಂದು ಮಾತು. ಯಾವುದನ್ನ ನಂಬಲಿ? ತಡಿ, ಯಜಮಾನರನ್ನೇ ಕೇಳ್ತೀನಿ."

ಅವಳು ರಸ್ತೆಯ ಮಧ್ಯದಲ್ಲೇ ನಿಂತು ಬಾಲ್ಕನಿಯ ಕಡೆ ಕೂಗಿದಳು. "ಯಜಮಾನ್ರೆ! ನಿಮ್ಮ ಸೊಸೆ ದುಡ್ಡು ತೆಗಿ ಅಂತಾಳೆ. ನೀವೇನು ಹೇಳ್ತೀರಿ?"

ಔಷಧಿ ಅಂಗಡಿಯವನು ಈಚೆ ಬಂದ. ಸೈಕಲ್ಲೊಂದು ನಿಂತಿತು. ಯಜಮಾನರು ಎರಡೂ ಕೈಯಿಂದ ಕಂಬಿ ಹಿಡಿದು ಎದ್ದು ನಿಂತರು.

"ಅವಳಿಗೇನಮ್ಮ ಗೊತ್ತು," ಎಂದರು. "ನನ್ನ ದುಡ್ಡೆಲ್ಲ ಇಲ್ಲೇ ಇದೆ. ನನ್ನನ್ನ ನೋಡ್ಕೋ."

ಅವತ್ತು ಮನೆಯಲ್ಲಿ ಯಾರೂ ಊಟಕ್ಕೆ ಒಟ್ಟಿಗೆ ಕೂರಲಿಲ್ಲ. ಸೊಸೆ ಅಡುಗೆಮನೆಯಿಂದಲೇ ಕೇಳಿದಳು, "ಬೀದೀಲಿ ನನ್ನನ್ನ ಸುಳ್ಳಿ ಮಾಡಿದ್ರಲ್ಲ ಮಾವ, ನಿಮಗೆ ಸಮಾಧಾನ ಆಯ್ತಾ?"

"ಮತ್ತೇನು ಮಾಡ್ಬೇಕಿತ್ತು? ಹೌದು, ಬ್ಯಾಂಕು ಹೋಗ್ತಿದೆ, ಓಡಿ ಅಂತ ಕೂಗ್ಬೇಕಿತ್ತಾ? ಕೂಗಿದ ದಿನವೇ ಹೋಗುತ್ತೆ. ಕೂಗದಿದ್ರೆ ಒಂದುವೇಳೆ ಉಳಿಯುತ್ತೋ ಏನೋ. ನಿನ್ನ ಲೆಕ್ಕದಲ್ಲಿ ಇದಕ್ಕೆ ಉತ್ತರ ಇದ್ರೆ ಹೇಳಮ್ಮ, ಕೇಳ್ತೀನಿ."

ಸೊಸೆ ಕುಕ್ಕರಿನ ಮುಚ್ಚಳ ತೊಳೆಯುತ್ತಾ ನಿಂತಳು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬ್ಯಾಂಕಿನ ಷಟರು ಅರ್ಧಕ್ಕೆ ಮಾತ್ರ ಏರಿತು. ಪಕ್ಕದಲ್ಲಿ ಸರ್ಕಾರದ ಮುದ್ರೆ ಇದ್ದ ನೋಟಿಸು. ಮುಂದಿನ ಆದೇಶದವರೆಗೆ ಯಾರೂ ಒಟ್ಟು ಒಂದು ಸಣ್ಣ ಮೊತ್ತಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಆ ಮೊತ್ತ ಒಂದು ತಿಂಗಳ ದಿನಸಿಗೆ ಆಗುತ್ತಿತ್ತು, ಬಾಡಿಗೆಯ ಮನೆಯಲ್ಲಿದ್ದವರಿಗೆ ಅದೂ ಸಾಲದು.

ಗಂಟೆಯೊಳಗೆ ಬೀದಿ ತುಂಬಿತು. ಷಟರು ಬಡಿದರು, ಮ್ಯಾನೇಜರನ್ನು ಕರೆದರು. ಅವನು ಬಂದಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ತಲೆ ಎತ್ತಿ ಬಾಲ್ಕನಿ ನೋಡತೊಡಗಿದರು.

"ಅಪ್ಪ, ಒಳಗೆ ಬಾ," ಎಂದ ಮಗ.

ಯಜಮಾನರು ಒಳಗೆ ಹೋಗಲಿಲ್ಲ. ಪಾಸ್‌ಬುಕ್ಕು, ಠೇವಣಿಯ ರಸೀದಿ ಎರಡನ್ನೂ ಹಿಡಿದು ಕುಂಟುತ್ತಾ ಕೆಳಗಿಳಿದರು. ಸೊಸೆ ಅವರ ತೋಳು ಹಿಡಿದು ಜೊತೆಗೆ ಹೋದಳು.

"ನೋಡಿ, ನೋಡಿ ಎಲ್ಲರೂ. ನಂದೂ ಒಳಗೇ ಇದೆ. ಒಂದು ಕಾಸೂ ತೆಗೆದಿಲ್ಲ."

ಔಷಧಿ ಅಂಗಡಿಯವನು ರಸೀದಿಯನ್ನು ಮುಟ್ಟಲೂ ಇಲ್ಲ. "ಕಾಗದ ನಿಮ್ಮ ಹತ್ರ ಇರುತ್ತೆ ಯಜಮಾನ್ರೆ, ದುಡ್ಡು ಹಿಂಬಾಗಿಲಿಂದ ಮೇಲೆ ಹೋಗಿರುತ್ತೆ. ನಿಮಗೂ ಅವರಿಗೂ ಒಂದೇ ಮೆಟ್ಟಿಲು."

"ಬ್ಯಾಂಕಿಗೆ ಹಿಂಬಾಗಿಲೇ ಇಲ್ಲಪ್ಪ! ಕಟ್ಟಿಸಿದವನು ನಾನು!"

ಯಾರೋ ನಕ್ಕರು. ಸಿಟ್ಟಿಗಿಂತ ಆ ನಗು ಅವರನ್ನು ಹೆಚ್ಚು ಕುಗ್ಗಿಸಿತು. ಇಸ್ತ್ರಿಯಾಕೆ ಗುಂಪಿನ ತುದಿಯಲ್ಲಿ ನಿಂತಿದ್ದಳು. ಸೊಸೆಯ ಮುಖವನ್ನು ಒಮ್ಮೆ ನೋಡಿ, ರಸ್ತೆ ದಾಟಿ ತನ್ನ ಅಂಗಡಿಗೆ ಹೋದಳು.

ದೊಡ್ಡ ಬ್ಯಾಂಕು ತಗೊಳ್ಳುವ ಮಾತು ಮಾತಾಗಿಯೇ ಉಳಿಯಿತು. ಸರ್ಕಾರದಿಂದ ಬಂದ ಅಧಿಕಾರಿಯೊಬ್ಬರು ಮ್ಯಾನೇಜರನ ರೂಮಿನಲ್ಲಿ ಕೂತರು. ವಿಚಿತ್ರವೆಂದರೆ ಬಾಡಿಗೆ ತಪ್ಪಲಿಲ್ಲ. ತಿಂಗಳ ಮೊದಲ ವಾರದಲ್ಲೇ ಯಜಮಾನರ ಖಾತೆಗೆ ಬೀಳುತ್ತಿತ್ತು, ಫೋನಿಗೆ ಸಂದೇಶ ಬರುತ್ತಿತ್ತು. ತೆಗೆಯುವಂತಿರಲಿಲ್ಲ, ಅಷ್ಟೇ.

ಯಜಮಾನರು ಅಧಿಕಾರಿಯ ಮುಂದೆ ಹೋಗಿ ಕೂತರು. "ಖಾಲಿ ಮಾಡಿಕೊಡಿ ಸಾರ್. ಬೇರೆ ಯಾರಿಗಾದ್ರೂ ಕೊಡ್ತೀನಿ."

"ಕರಾರು ಇನ್ನೂ ಆರು ವರ್ಷ ಇದೆ. ಬಾಡಿಗೆ ಸರಿಯಾಗಿ ಬರ್ತಿದೆ ತಾನೆ?"

"ಬರ್ತಿದೆ ಸಾರ್. ನಿಮ್ಮ ಜೇಬಿಂದ ನಿಮ್ಮ ಜೇಬಿಗೆ ಬರ್ತಿದೆ."

"ಬಾಡಿಗೆ ಕೊಡೋ ಬಾಡಿಗೆದಾರನನ್ನ ಯಾವ ಕಾರಣಕ್ಕೆ ಬಿಡಿಸ್ತೀರಿ?" ಎಂದು ಅಧಿಕಾರಿ ಕೇಳಿದರು. ಕೆಟ್ಟ ಮನುಷ್ಯನಲ್ಲ, ಚಹಾ ತರಿಸಿ ಕೊಟ್ಟರು.

ಮನೆ ಮಾರೋಣ ಎಂದ ಮಗ. ಕೆಳಗೆ ಇಂಥ ಬಾಡಿಗೆದಾರನನ್ನು ಇಟ್ಟುಕೊಂಡ ಮನೆಯನ್ನು ಅರ್ಧ ಬೆಲೆಗೂ ಯಾರೂ ಕೇಳುವುದಿಲ್ಲ ಎಂದ ದಲ್ಲಾಳಿ. ಸಂಸಾರವೆಲ್ಲ ಮಗ ಸೊಸೆಯರ ಸಂಪಾದನೆಯ ಮೇಲೆ ಬಿತ್ತು. ಮೊಟ್ಟೆ ವಾರಕ್ಕೊಮ್ಮೆಯಾಯಿತು, ಸಂಜೆಯ ಚಹಾ ಹೋಯಿತು. ಬೀದಿಯವರು ತಮ್ಮ ಫ್ರಿಜ್ಜು ಕೆಟ್ಟರೆ ಮಗನನ್ನು ಕರೆಯುವುದು ಬಿಟ್ಟಿದ್ದರು, ಅವನು ದೂರದ ಬಡಾವಣೆಗಳಿಗೆ ಅಲೆಯುತ್ತಿದ್ದ. ಯಜಮಾನರು ತಮ್ಮ ಮೊಣಕಾಲಿನ ಮಾತ್ರೆಯನ್ನು ಅರ್ಧ ಮಾಡಿ ನುಂಗುವುದನ್ನು ಸೊಸೆ ನೋಡಿದಳು.

"ಪೂರ್ತಿ ತಗೊಳ್ಳಿ ಮಾವ. ಅಷ್ಟು ದುಡ್ಡಿದೆ ನನ್ನ ಹತ್ರ."

"ಪೂರ್ತಿ ತಗೊಂಡ್ರೆ ಕಾಲು ನೋಯಲ್ಲ. ಕಾಲು ನೋಯದಿದ್ರೆ ಬೇರೆಲ್ಲ ನೆನಪಾಗುತ್ತೆ," ಎಂದರು. ಆಮೇಲೆ ಅವಳ ಕಡೆ ನೋಡದೆ, "ಅವತ್ತು ಹಾಗೆ ಅನ್ನಬಾರದಿತ್ತು ನಿನ್ನ," ಎಂದರು. ಬಾಲ್ಕನಿಯಲ್ಲಿ ಕೂರುವುದನ್ನು ಅವರು ಬಿಟ್ಟೇಬಿಟ್ಟಿದ್ದರು.

ಇಸ್ತ್ರಿಯಾಕೆಯ ಅಂಗಡಿಗೆ ಮಾಲೀಕ ಬೀಗ ಹಾಕಿದ ದಿನ, ಅವಳ ಮೇಜು, ಇಸ್ತ್ರಿ ಪೆಟ್ಟಿಗೆ, ಬಟ್ಟೆಯ ಗಂಟುಗಳು ರಸ್ತೆಯ ಅಂಚಿನಲ್ಲಿದ್ದವು. ಯಜಮಾನರು ತಾವೇ ಹೋಗಿ ಕರೆದರು. "ನಮ್ಮ ಮೆಟ್ಟಿಲ ಕೆಳಗೆ ಜಾಗ ಇದೆ. ಕರೆಂಟೂ ಇದೆ. ಬಾಮ್ಮ."

"ಬಾಡಿಗೆ ಎಷ್ಟು?"

"ಬಾಡಿಗೆ ಬೇಡ."

"ಬೇಡ ಅಂದ್ರೆ ಬರಲ್ಲ. ನಿಮ್ಮ ಉಪಕಾರ ಒಂದ್ಸಲ ಆಗಿದೆ ನಂಗೆ. ಬಾಡಿಗೆ ಕೊಡ್ತೀನಿ. ನಿಮ್ಮ ಕೈಗೆ ಕೊಡ್ತೀನಿ, ಖಾತೆಗಲ್ಲ."

ಹೀಗೆ ಅವಳು ಮೆಟ್ಟಿಲ ಕೆಳಗೆ ಬಂದಳು. ಸೊಸೆ ದಿನಾ ಬೆಳಿಗ್ಗೆ ಅವಳ ಮುಂದೆಯೇ ಇಳಿಯಬೇಕು, ಸಂಜೆ ಅವಳ ಮುಂದೆಯೇ ಹತ್ತಬೇಕು. ಬೇರೆ ದಾರಿಯಿರಲಿಲ್ಲ. ಇಸ್ತ್ರಿಯಾಕೆ ಅತ್ತೆಯ ಜೊತೆ ಎರಡು ಮಾತಾಡುತ್ತಿದ್ದಳು, ಮಗ ಸ್ವಿಚ್ಚು ಹಾಕಿಕೊಟ್ಟಾಗ ನೀರು ಕೊಟ್ಟಳು. ಸೊಸೆ ಬಂದರೆ ಮಾತ್ರ ಬಟ್ಟೆಯ ಮೇಲಿನ ಕಣ್ಣು ಎತ್ತುತ್ತಿರಲಿಲ್ಲ. ಸೊಸೆ ಎರಡು ಸಲ "ಅಕ್ಕಾ" ಎಂದು ಕರೆದು, ಇಸ್ತ್ರಿಯ ಸುಯ್ಗುಟ್ಟುವ ಸದ್ದನ್ನಷ್ಟೇ ಉತ್ತರವಾಗಿ ಪಡೆದು ಹತ್ತಿ ಹೋಗಿದ್ದಳು.

ಅಧಿಕಾರಿ ಬ್ಯಾಂಕಿನ ಹೊಸ ಲೆಕ್ಕವನ್ನು ತಯಾರಿಸಿ ಬಾಗಿಲಿಗೆ ಅಂಟಿಸಿದ ದಿನ ಜನ ಬಂದು ನೋಡಿದರು. ಅಂಕಿಗಳನ್ನು ಕಂಡು ಬೈದುಕೊಂಡು ಹೋದರು. ಸಂಜೆ ಸೊಸೆ ಕೆಲಸದಿಂದ ಬಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಹಿಂದಿನಿಂದ ಮಾತು ಕೇಳಿತು.

"ಲೆಕ್ಕದಮ್ಮ, ಇಲ್ಲಿ ಬಾ. ಅದರಲ್ಲಿ ಏನಿದೆ, ನಂಗೆ ಓದಿ ಹೇಳು."

ಸೊಸೆ ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು ಬಾಗಿಲ ಹತ್ತಿರ ಹೋದಳು. ಇಸ್ತ್ರಿಯಾಕೆ ಪ್ಲಗ್ಗು ಕಿತ್ತು, ಕೈ ಒರೆಸಿಕೊಂಡು ಪಕ್ಕದಲ್ಲಿ ನಿಂತಳು.

"ಇದು ನಮ್ಮಂಥವರು ಇಟ್ಟ ದುಡ್ಡು," ಸೊಸೆ ಬೆರಳಿಟ್ಟು ತೋರಿಸಿದಳು. "ಇದು ಬ್ಯಾಂಕು ಬೇರೆಯವರಿಗೆ ಸಾಲ ಕೊಟ್ಟದ್ದು. ಅದರಲ್ಲಿ ಇಷ್ಟು ವಾಪಸ್ ಬರ್ತಿಲ್ಲ. ಇದು ಬ್ಯಾಂಕಿನದೇ ಸ್ವಂತ ದುಡ್ಡು. ಬಾರದೆ ಇರೋದು ಸ್ವಂತದ್ದಕ್ಕಿಂತ ಜಾಸ್ತಿಯಾದ್ರೆ, ಮಿಕ್ಕ ನಷ್ಟ ನಮ್ಮ ತಲೆ ಮೇಲೆ."

"ಇದಕ್ಕಿಂತ ಇದು ದೊಡ್ಡದು."

"ಹೂಂ."

"ನೀನು ಮೊದಲು ಓದಿದಾಗಲೂ ಇದು ದೊಡ್ಡದಿತ್ತಾ?"

"ಇತ್ತು ಅಕ್ಕ. ಇಷ್ಟು ಇರ್ಲಿಲ್ಲ, ಆದ್ರೆ ದೊಡ್ಡದೇ."

ಇಸ್ತ್ರಿಯಾಕೆ ಎರಡು ಅಂಕಿಗಳನ್ನೂ ಸ್ವಲ್ಪ ಹೊತ್ತು ನೋಡಿದಳು. ತುಟಿ ಅಲ್ಲಾಡಿಸಿ ಒಂದೊಂದನ್ನೇ ಓದಿಕೊಂಡಳು. ಆಮೇಲೆ ಮೆಟ್ಟಿಲ ಕೆಳಗೆ ಹೋಗಿ, ಅರ್ಧ ಮಾಡಿದ್ದ ಅಂಗಿಯನ್ನು ಮೇಜಿನ ಮೇಲೆ ಬಿಡಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು.

"ಇನ್ನೂ ಬಿಸಿ ಇದೆ," ಎಂದಳು. "ಇಷ್ಟು ಹೇಳೋಕೆ ಇದು ಆರುವಷ್ಟು ಹೊತ್ತೂ ಬೇಕಾಗಿರ್ಲಿಲ್ವಲ್ಲಮ್ಮ, ಅವತ್ತು."

ಸೊಸೆ ಚೀಲ ಎತ್ತಿಕೊಳ್ಳಲಿಲ್ಲ. ಇಸ್ತ್ರಿಯಾಕೆ ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು. ಮೇಲಿನಿಂದ ಅತ್ತೆ ಊಟಕ್ಕೆ ಕರೆಯುತ್ತಿದ್ದರು.